ಮಂಗರಾಜನ ಮದ್ದುಗಳೂ ನಮ್ಮ ಬೆಟ್ಟಗಳೂ

ನಮ್ಮ ಸಾಹಿತ್ಯ ತರಗತಿಗಳಲ್ಲಿ ಮಂಗರಾಜನ ‘ಖಗೇಂದ್ರಮಣಿದರ್ಪಣ’ಕ್ಕೆ ಸಲ್ಲುವುದು ಒಂದೆರಡು ವಾಕ್ಯ ಮಾತ್ರ: ಕಾಲ ಸುಮಾರು 1360, ಕವಿ ಜೈನ, ವಿಷಯ ವಿಷವೈದ್ಯ. ಕೀರ್ತಿವರ್ಮನ ‘ಗೋವೈದ್ಯ’ಕ್ಕೂ ಸೋಮನಾಥನ ‘ಕಲ್ಯಾಣಕಾರಕ’ಕ್ಕೂ ಇದೇ ಗತಿ. ರಸವಿಲ್ಲದ ಶಾಸ್ತ್ರಗಳೆಂದು ಇವನ್ನು ಕಪಾಟಿನ ಮೇಲಂಕಣಕ್ಕೆ ಏರಿಸಿರುವುದು ನಮ್ಮ ವಿಮರ್ಶೆಯ ಸೋಮಾರಿತನವಲ್ಲದೆ ಮತ್ತೇನೂ ಅಲ್ಲ. ಹದಿನಾರು ಅಧಿಕಾರಗಳಲ್ಲಿ ಸ್ಥಾವರ ಜಂಗಮ ವಿಷಗಳನ್ನೂ ಅವಕ್ಕೆ ಮದ್ದುಗಳನ್ನೂ ಕನ್ನಡ ಪದ್ಯಕ್ಕೆ ಇಳಿಸಿದವನು ಬರಿಯ ಪಂಡಿತನಲ್ಲ. ಮದ್ದು ಜನರ ಬಾಯಲ್ಲಿ ನಿಲ್ಲಬೇಕೆಂಬ ಹಂಬಲ ಅವನಿಗಿದ್ದಿರಬೇಕು.

ಕಾವ್ಯದಲ್ಲಿ ಪಾಠ ಕೆಟ್ಟರೆ ಛಂದಸ್ಸು ಕುಂಟೀತು. ವೈದ್ಯಗ್ರಂಥದಲ್ಲಿ ಗಿಡದ ಹೆಸರು ತಪ್ಪಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ‘ಬ್ರಾಹ್ಮಿ’ ಎಂಬ ಮಾತನ್ನೇ ನೋಡಿ. ನಮ್ಮ ಕಡೆ ಹಾಗೆಂದರೆ ಚಟ್ನಿ ಅರೆಯುವ ಒಂದೆಲಗ. ಬೇರೆ ಕಡೆಯ ಕೆಲವು ವೈದ್ಯರಿಗೆ ಅದು ನೀರುಬ್ರಾಹ್ಮಿ. ಎರಡೂ ತೇವದ ನೆಲದವೇ, ಆದರೆ ಕುಲ ಬೇರೆ. ಹಳೆಯ ಪದ್ಯದಲ್ಲಿರುವುದು ಯಾವುದು? ಕಿಟ್ಟೆಲರು 1894ರ ನಿಘಂಟಿನಲ್ಲಿ ಎಷ್ಟೋ ಗಿಡಗಳಿಗೆ ಸಸ್ಯಶಾಸ್ತ್ರದ ಹೆಸರು ಕೊಟ್ಟು ಉಪಕಾರ ಮಾಡಿದ್ದಾರೆ. ಆದರೂ ಎಲೆ ಕಿವುಚಿ ಮೂಸಿ ಇದೇ ಅದೆಂದು ಹೇಳಬಲ್ಲವರು ಗುಬ್ಬಿ, ಕುಣಿಗಲ್ಲಿನ ಹಳ್ಳಿಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಉಳಿದಿರುವ ನಾಟಿವೈದ್ಯರೇ. ಅವರ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದ್ದಾರೆ, ತಪ್ಪೆನ್ನುವುದಕ್ಕೆ ನಾವಾರು?

ಬಲ್ಲವನೊಡನೆ ಗಿಡವೂ ಹೋಗುತ್ತಿದೆ. ಮಾಕಳಿಬೇರಿನ ಉಪ್ಪಿನಕಾಯಿಯ ಕಂಪು ಯಾರಿಗೆ ಬೇಡ! ಆದರೆ ಆ ಬಳ್ಳಿ ಕಲ್ಲುಬೆಟ್ಟದ ಸಂದಿಯದು. ಬೇರು ಅಗೆದರೆ ಬಳ್ಳಿಯೇ ಇಲ್ಲ. ಜಾಡಿ ತುಂಬಿದಷ್ಟೂ ಬೆಟ್ಟ ಬರಿದು. ಕೊರಟಗೆರೆಯ ಸಿದ್ಧರಬೆಟ್ಟ ಮೂಲಿಕೆಗಳಿಗೆ ಹೆಸರಾದದ್ದು. ದೇವರಾಯನದುರ್ಗದ ಕಾಡಿನಲ್ಲಿ ಔಷಧಿ ಸಸ್ಯಗಳಿಗೆಂದೇ ರಕ್ಷಣೆಯ ತಾಣವೊಂದನ್ನು ಗುರುತಿಸಿದ್ದಾರೆ. ಬೇಲಿ ಗಿಡವನ್ನು ಕಾದೀತು, ಗಿಡದ ಗುರುತನ್ನು ಕಾಯಲಾರದು. ಪೂರ್ವ ಆಫ್ರಿಕದ ಮಸಾಯಿ ಗೋಪಾಲಕರು ಮಾಂಸದ ಸಾರಿಗೆ ಹಾಕಿ ಕುದಿಸುವ ತೊಗಟೆಗಳಲ್ಲಿ ನಮ್ಮ ಕೆರೆಯಂಗಳದ ಕರಿಜಾಲಿಯೂ ಒಂದು. ಅಲ್ಲಿಯೂ ಅದು ಹಿರಿಯರಿಂದ ಕಿರಿಯರು ನೋಡಿ ಕಲಿಯುವ ವಿದ್ಯೆ.

ಹಳೆಯದೆಂದು ಎಲ್ಲವನ್ನೂ ಕಣ್ಣಿಗೊತ್ತಿಕೊಳ್ಳುವ ಭಕ್ತರೊಡನೆಯೂ ನನಗೆ ಜಗಳವಿದೆ. ಹಾವಿನ ವಿಷಕ್ಕೆಂದು ಹೆಸರಾದ ಈಶ್ವರಿಬೇರಿನ ಕುಲದ ಗಿಡಗಳಲ್ಲಿರುವ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂಬುದು ಈಗ ಸಿದ್ಧವಾದ ಮಾತು. ಹಾವು ಕಚ್ಚಿದವನನ್ನು ಪ್ರತಿವಿಷದ ಸೂಜಿಗಾಗಿ ಆಸ್ಪತ್ರೆಗೆ ಒಯ್ಯಬೇಕು, ಮಂಗರಾಜನ ಬಳಿಗಲ್ಲ. ಗ್ರಂಥವನ್ನು ಉಳಿಸುವುದು ಬೇರೆ, ಅದರಂತೆ ನುಂಗುವುದು ಬೇರೆ.

ಮದರಾಸು ವಿಶ್ವವಿದ್ಯಾಲಯ 1942ರಲ್ಲಿ ಈ ಗ್ರಂಥವನ್ನು ಅಚ್ಚುಹಾಕಿಸಿತು. ಇನ್ನು ಬೇಕಾದದ್ದು ಮೂವರು ಕೂಡಿ ಬರೆಯುವ ಟಿಪ್ಪಣಿ: ಹಳಗನ್ನಡ ಬಲ್ಲವರೊಬ್ಬರು, ಸಸ್ಯಶಾಸ್ತ್ರಜ್ಞರೊಬ್ಬರು, ಬೆಟ್ಟ ಬಲ್ಲ ನಾಟಿವೈದ್ಯರೊಬ್ಬರು. ಮೂರನೆಯವರ ಹೆಸರೂ ಮುಖಪುಟದಲ್ಲಿ ಅಚ್ಚಾಗಬೇಕು, ಸಂಭಾವನೆಯೂ ಉಳಿದಿಬ್ಬರಷ್ಟೇ ಸಲ್ಲಬೇಕು.