ಬೆರಳಿಗೆ ಸಂಬಂಧವಿಲ್ಲದ ಫಿಂಗರಿಂಗ್

ವೈಟ್‌ಫೀಲ್ಡ್ ಕಡೆಯ ಓದುಗರು ಈ ಅಂಕಣಕ್ಕೆ ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: ‘ಮೇಡಂ, ಪ್ಯಾಟರ್ನ್‌ನಲ್ಲಿ ಫಿಂಗರಿಂಗ್ ಉಲ್ಲನ್ ಅಂತ ಬರೆದಿದೆ. ಅಂದ್ರೆ ಕಡ್ಡಿ ಬಿಟ್ಟು ಬೆರಳಲ್ಲೇ ಹೆಣೀಬೇಕಾ?’ ಬೇಡ. ಬೆರಳಲ್ಲೇ ಹೆಣೆಯುವ ಆಟ ಬೇರೆ. ಅದಕ್ಕೆ ಹಗ್ಗದಷ್ಟು ದಪ್ಪದ ದಾರ ಬೇಕು. ಫಿಂಗರಿಂಗ್ ಅದಕ್ಕೆ ಪೂರಾ ವಿರುದ್ಧ. ಕಾಲುಚೀಲ, ಮಗುವಿನ ಟೋಪಿ, ತೆಳು ಶಾಲಿಗೆಂದು ನೂಲುವ ಸಪೂರ ಉಲ್ಲನ್ ಅದು.

ಹಾಗಾದರೆ ಬೆರಳು ಎಲ್ಲಿಂದ ಬಂತು? ಕಿವಿ ಮಾಡಿದ ಚೇಷ್ಟೆ ಅಷ್ಟೆ. ಈ ಶಬ್ದದ ಹಳೆಯ ರೂಪ ಫಿಂಗ್ರಮ್. 17ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಸುತ್ತಮುತ್ತ ನೇಯುತ್ತಿದ್ದ ಒಂದು ಬಗೆಯ ಉಣ್ಣೆ ಬಟ್ಟೆಗೆ ಆ ಹೆಸರಿತ್ತು. ನಿಘಂಟುಕಾರರು ‘ಬಹುಶಃ’ ಎಂಬ ಎಚ್ಚರಿಕೆಯ ಮಾತು ಸೇರಿಸಿ ಅದರ ಬೇರನ್ನು ಫ್ರೆಂಚಿನ ‘ಫ್ಯಾಂ ಗ್ರ್ಯಾಂ’ಗೆ ಒಯ್ಯುತ್ತಾರೆ. ಅಂದರೆ ನಯವಾದ ಮೈಯುಳ್ಳದ್ದು. ಬಟ್ಟೆಯ ಹೆಸರು ಮೆಲ್ಲಗೆ ನೂಲಿಗೆ ಅಂಟಿಕೊಂಡಿತು, ಇಂಗ್ಲಿಷರ ನಾಲಗೆ ಅರ್ಥವಾಗದ ಪದವನ್ನು ಅರ್ಥವಾಗುವ ಬೆರಳಿಗೆ ತಿರುಗಿಸಿಕೊಂಡಿತು. ‘ಬಹುಶಃ’ ಎಂದದ್ದನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಇಲ್ಲಿ ನಂಬುತ್ತೇನೆ, ಏಕೆಂದರೆ ಈ ಪದಕ್ಕೊಬ್ಬ ಅಣ್ಣನಿದ್ದಾನೆ. ಅವನ ಜಾತಕ ಇದಕ್ಕಿಂತ ಸ್ಪಷ್ಟವಾಗಿದೆ.

ಆ ಅಣ್ಣ ಇರುವುದು ತುಮಕೂರು ರಸ್ತೆಯ ಪೀಣ್ಯದಲ್ಲಿ. ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಗುಂಡಿ, ಜಿಪ್, ಲೇಬಲ್‌ಗಳನ್ನಿಡುವ ಟ್ರಿಮ್ಸ್ ವಿಭಾಗದವರನ್ನು ಕೇಳಿ, ‘ಗ್ರೋಗ್ರೇನ್ ಟೇಪ್’ ಎಂದರೆ ತಕ್ಷಣ ಕೈಗಿಡುತ್ತಾರೆ. ಅಡ್ಡಡ್ಡ ಗೆರೆ ಎದ್ದು ಕಾಣುವ ಗಟ್ಟಿ ಪಟ್ಟಿ ಅದು; ಪ್ಯಾಂಟಿನ ಸೊಂಟದ ಒಳಗೆ, ಟೀ ಶರ್ಟಿನ ಕತ್ತಿನ ಹಿಂದೆ ಕೂತಿರುತ್ತದೆ. ಫ್ರೆಂಚಿನ ‘ಗ್ರೋ ಗ್ರ್ಯಾಂ’ ಅಂದರೆ ಒರಟು ಮೈಯದ್ದು. ಇಂಗ್ಲಿಷಿನಲ್ಲಿ ಅದು ಗ್ರಾಗ್ರಮ್ ಆಯಿತು, ಫ್ಯಾಂ ಗ್ರ್ಯಾಂ ಫಿಂಗ್ರಮ್ ಆದ ಹಾಗೆಯೇ. ಗ್ರಾಗ್ರಮ್ ಬಟ್ಟೆಯ ನಿಲುವಂಗಿ ತೊಡುತ್ತಿದ್ದ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಎಡ್ವರ್ಡ್ ವರ್ನನ್‌ಗೆ ನಾವಿಕರು ‘ಓಲ್ಡ್ ಗ್ರಾಗ್’ ಎಂದು ಅಡ್ಡಹೆಸರಿಟ್ಟಿದ್ದರು. 1740ರಲ್ಲಿ ಆತ ನಾವಿಕರ ರಮ್‌ಗೆ ನೀರು ಬೆರೆಸಿ ಕೊಡಲು ಆಜ್ಞೆ ಮಾಡಿದ, ಆ ನೀರು ರಮ್‌ಗೂ ಗ್ರಾಗ್ ಎಂಬ ಹೆಸರು ಬಿತ್ತು. ಬಟ್ಟೆಯಿಂದ ಮನುಷ್ಯನಿಗೆ, ಮನುಷ್ಯನಿಂದ ಮದ್ಯಕ್ಕೆ. ಹೀಗೆ ಅಣ್ಣ ಒರಟ ತುಮಕೂರು ರಸ್ತೆಯಲ್ಲಿ, ತಮ್ಮ ನಯಗಾರ ವೈಟ್‌ಫೀಲ್ಡ್‌ನಲ್ಲಿ. ನಡುವೆ ಇಡೀ ಬೆಂಗಳೂರಿನ ಟ್ರಾಫಿಕ್ಕು.

ನೂಲಿನ ಹೆಸರಾಗಿ ಫಿಂಗರಿಂಗ್ ಮನೆಮಾತಾದದ್ದು 19ನೇ ಶತಮಾನದಲ್ಲಿ. ‘ಸ್ಕಾಚ್ ಫಿಂಗರಿಂಗ್’ ಎಂದರೆ ಆಗ ಕಾಲುಚೀಲದ ಉಲ್ಲನ್. ಹ್ಯಾಲಿಫ್ಯಾಕ್ಸ್‌ನ ಬಾಲ್ಡ್‌ವಿನ್ ಕಂಪನಿ ಜೇನುಗೂಡಿನ ಮುದ್ರೆಯ ‘ಬೀಹೈವ್’ ಫಿಂಗರಿಂಗ್ ಮಾರುತ್ತಿತ್ತು. 1920ರಲ್ಲಿ ಅದು ಪೇಟನ್ಸ್ ಜೊತೆ ಸೇರಿ ಪೇಟನ್ಸ್ ಅಂಡ್ ಬಾಲ್ಡ್‌ವಿನ್ಸ್ ಆಯಿತು. ನಮ್ಮಲ್ಲಿ ಕಡ್ಡಿ ಹೆಣಿಗೆಯನ್ನು ಕಲಿಸಿದ್ದು ಬಹುಮಟ್ಟಿಗೆ ಮಿಷನ್ ಶಾಲೆಗಳ ಹೊಲಿಗೆ ತರಗತಿಗಳು. ಡಿ. ಎಸ್. ವೈಟ್ ಅವರ ಮುಂದಾಳತ್ವದಲ್ಲಿ, ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ, 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್‌ಗೆ ಈ ಬ್ರಿಟಿಷ್ ಪದ ಈಗ ಅಮೆರಿಕದ ಪ್ಯಾಟರ್ನ್‌ಗಳ ಮೂಲಕ ಬರುತ್ತಿರುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಹೆಸರಿನ ಚರಿತ್ರೆ ಸಾಕು. ಮಾಮೂಲ್‌ಪೇಟೆಯ ಅಂಗಡಿಯಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ‘ಫಿಂಗರಿಂಗ್ ಕೊಡಿ’ ಅಂದರೆ ‘ಯಾವ ಪ್ಲೈ ಬೇಕು ಹೇಳಿ ಮೇಡಂ’ ಎನ್ನುತ್ತಾರೆ. ಪ್ಲೈ ಎಂದರೆ ಎಳೆ. ಕಾಲುಚೀಲದ ಫಿಂಗರಿಂಗನ್ನು ನಾಲ್ಕೆಳೆ ಹುರಿ ಮಾಡುವ ರೂಢಿಯಿದ್ದುದರಿಂದ ಬ್ರಿಟನ್ನಿನಲ್ಲಿ ‘ಫೋರ್ ಪ್ಲೈ’ ಎಂಬುದೇ ಆ ದಪ್ಪದ ಹೆಸರಾಯಿತು. ಅಮೆರಿಕನ್ನರು ಫಿಂಗರಿಂಗ್ ಎಂಬ ಹಳೇ ಹೆಸರನ್ನೇ ಉಳಿಸಿಕೊಂಡರು. ಗೋಜಲು ಶುರುವಾಗುವುದು ಇಲ್ಲೇ. ನಾಲ್ಕು ಸಪೂರ ಎಳೆ ಹೊಸೆದರೂ ನಾಲ್ಕೆಳೆ, ನಾಲ್ಕು ದಪ್ಪ ಎಳೆ ಹೊಸೆದರೂ ನಾಲ್ಕೆಳೆ. ನಮ್ಮ ಪೇಟೆಯ ನಾಲ್ಕೆಳೆಯ ಅಕ್ರಿಲಿಕ್ ಎಷ್ಟೋ ಸಲ ಬ್ರಿಟಿಷರ ಫೋರ್ ಪ್ಲೈಗಿಂತ ದಪ್ಪಗಿರುತ್ತದೆ. ಎಳೆ ಎಣಿಸಿ ಉಲ್ಲನ್ ಕೊಳ್ಳುವುದು ಮೂರ್ಖತನ ಎಂದೇ ನನ್ನ ಅಭಿಪ್ರಾಯ.

ಪೀಣ್ಯದವರ ಲೆಕ್ಕ ಇದಕ್ಕಿಂತ ಶಿಸ್ತಿನದು. ಅವರಲ್ಲಿ ನೂಲಿಗೆ ಕೌಂಟ್ ಇದೆ. ಒಂದು ಪೌಂಡ್ ಹತ್ತಿ ನೂಲಿನಲ್ಲಿ 840 ಗಜದ ಲಡಿ ಎಷ್ಟೋ ಅಷ್ಟೇ ಅದರ ಕೌಂಟ್. ಟೀ ಶರ್ಟಿನ ‘ತರ್ಟೀಸ್’ ಎಂದರೆ ಪೌಂಡಿಗೆ 25,200 ಗಜ. ಫಿಂಗರಿಂಗ್ ಉಲ್ಲನ್ 100 ಗ್ರಾಂಗೆ ಸುಮಾರು 400 ಮೀಟರ್, ಅಂದರೆ ಪೌಂಡಿಗೆ ಎರಡು ಸಾವಿರ ಗಜದ ಆಸುಪಾಸು. ನಾವು ‘ಸಪೂರ’ ಎನ್ನುವುದು ಅವರ ಕಣ್ಣಿಗೆ ದಪ್ಪ ಹಗ್ಗ! ಕೌಂಟ್ ಏರಿದಷ್ಟೂ ನೂಲು ಸಣ್ಣ ಎಂಬ ತಲೆಕೆಳಗಿನ ಲೆಕ್ಕ ನಮ್ಮ ಕಡ್ಡಿಗಳಲ್ಲೂ ಉಂಟು. ಊಟಿ ಪಕ್ಕದ ಕೇಟಿಯಲ್ಲಿ ತಯಾರಾಗುವ ಪೋನಿ ಕಡ್ಡಿಗಳನ್ನು ಅಂಗಡಿಯವರು ಇಂದಿಗೂ ಹಳೆಯ ಬ್ರಿಟಿಷ್ ನಂಬರ್‌ನಲ್ಲೇ ಹೇಳುತ್ತಾರೆ: 10ನೇ ನಂಬರ್ 3.25 ಮಿಲಿಮೀಟರ್, 12ನೆಯದು 2.75, 13ನೆಯದು 2.25. ಫಿಂಗರಿಂಗ್‌ಗೆ 10ರಿಂದ 13ರ ಆಚೀಚೆ ಹೋಗಬೇಕಿಲ್ಲ.

‘ನಮ್ಮ ಚಳ್ಳಕೆರೆ ಕಡೆಯ ಕುರಿ ಉಣ್ಣೆಯಲ್ಲೇ ಫಿಂಗರಿಂಗ್ ಮಾಡಬಾರದೇ?’ ಎಂದೂ ಕೇಳುವವರಿದ್ದಾರೆ. ಅಭಿಮಾನ ಒಳ್ಳೆಯದೇ. ಆದರೆ ಡೆಕ್ಕನಿ ಕುರಿಯ ಉಣ್ಣೆಯ ಎಳೆ ಮೂವತ್ತು ಮೈಕ್ರಾನ್ ದಾಟುತ್ತದೆ, ಮೆರಿನೊ ಇಪ್ಪತ್ತರ ಆಸುಪಾಸು. ಮನೆಯ ಹೆಂಗಸರು ನೂತು, ಹುಣಸೆ ಬೀಜದ ಗಂಜಿ ಹಾಕಿ, ಮಗ್ಗದಲ್ಲಿ ನೇಯುವ ಕಂಬಳಿಗೆ ಆ ಒರಟುತನವೇ ಬೇಕು. ಮಳೆ ತಡೆಯುವುದು ಅದೇ. ಅದನ್ನು ಎಳೆಗೂಸಿನ ತಲೆಗೆ ಹಾಕಿದರೆ ಮಗು ಅಳುತ್ತದೆ. ಮೃದುವಾಗಲಿ ಎಂದು ‘ಕ್ಯಾಶ್ಮಿಲಾನ್’ ಕೊಳ್ಳುವವರಿಗೂ ಒಂದು ಮಾತು: ಅದಕ್ಕೂ ಕಾಶ್ಮೀರದ ಮೇಕೆಗೂ ನಂಟಿಲ್ಲ, ಜಪಾನಿನ ಅಸಾಹಿ ಕಂಪನಿ ತನ್ನ ಅಕ್ರಿಲಿಕ್‌ಗೆ ಇಟ್ಟ ಹೆಸರು ಅದು. ಒಗೆಯಲು ಸುಲಭ, ಬೆಲೆ ಕಡಿಮೆ, ಬೆವರು ಮಾತ್ರ ಹೀರುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಏಸಿ ಕೋಣೆಯಲ್ಲಿ ಹೊದೆಯುವ ಶಾಲಿಗೆ ಪರವಾಗಿಲ್ಲ, ಕಾಲುಚೀಲಕ್ಕೆ ಬೇಡವೇ ಬೇಡ.

ಕೊಳ್ಳುವಾಗ ಲಡಿಯ ಚೀಟಿ ತಿರುಗಿಸಿ ಗ್ರಾಂ ಮತ್ತು ಮೀಟರ್ ಎರಡನ್ನೂ ನೋಡಿ. ಮೀಟರ್ ಬರೆದಿಲ್ಲದಿದ್ದರೆ ಒಂದೇ ಉಂಡೆ ತನ್ನಿ. 11ನೇ ನಂಬರ್ ಕಡ್ಡಿಗೆ ನಲವತ್ತು ಕುಣಿಕೆ ಹಾಕಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾದಂತೆ ಅಂಗೈ ಅಗಲ ಹೆಣೆದು, ಒದ್ದೆ ಮಾಡಿ ಒಣಗಿಸಿ, ನಡುವಿನಲ್ಲಿ ಅಳತೆ ಪಟ್ಟಿ ಇಡಿ. ಹತ್ತು ಸೆಂಟಿಮೀಟರಿಗೆ 27ರಿಂದ 32 ಕುಣಿಕೆ ಬಂದು, ಹೆಣಿಗೆ ಬಿಗಿಯೂ ಅಲ್ಲದೆ ಜಾಳೂ ಅಲ್ಲದೆ ಕೂತರೆ, ಚೀಟಿಯಲ್ಲಿ ಏನೇ ಬರೆದಿರಲಿ, ಅದು ಫಿಂಗರಿಂಗ್. ಮಿಕ್ಕ ಉಂಡೆಗಳನ್ನು ಆಮೇಲೆ ಕೊಳ್ಳಿ, ಅದೇ ಲಾಟ್ ನಂಬರಿನವು.