ಚೀಟಿ ಓದದೆ ಕೇಳಿಸುವುದೆಷ್ಟು?

1965ರ ಮೇ 5ರ ಸಂಜೆ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ರೋಸ್ ಕಲಾ ಸಂಗ್ರಹಾಲಯದಲ್ಲಿ ಆಲ್ವಿನ್ ಲೂಸಿಯರ್ ಎಂಬ ಸಂಗೀತಗಾರ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ತಲೆಗೆ ಎಲೆಕ್ಟ್ರೋಡ್‌ಗಳು ಅಂಟಿದ್ದವು. ಸುತ್ತಲೂ ತಾಳವಾದ್ಯಗಳು, ಬಾರಿಸುವವರು ಒಬ್ಬರೂ ಇಲ್ಲ. ಆದರೂ ವಾದ್ಯಗಳು ನುಡಿದವು.

ಗುಟ್ಟು ಸರಳ. ಕಣ್ಣು ಮುಚ್ಚಿ ಮನಸ್ಸು ತಿಳಿಯಾದಾಗ ಮಿದುಳಿನಲ್ಲಿ ಏಳುವ ಆಲ್ಫಾ ಅಲೆಗಳು ಸೆಕೆಂಡಿಗೆ ಸುಮಾರು 8ರಿಂದ 12 ಸಲ ಕಂಪಿಸುತ್ತವೆ. ನಮ್ಮ ಕಿವಿಗೆ ದಕ್ಕುವುದು ಸುಮಾರು 20ರಿಂದ ಮೇಲಿನದು. ಹಾಗಾಗಿ ಅಲೆಗಳು ನೇರವಾಗಿ ಕೇಳಿಸವು. ಅವನ್ನು ವಿಪರೀತ ಹಿಗ್ಗಿಸಿ ಸ್ಪೀಕರ್‌ಗೆ ಕೊಟ್ಟರೆ ಅದರ ಪೊರೆ ಪಟಪಟನೆ ಬಡಿದುಕೊಂಡು, ತಾಗಿಸಿಟ್ಟ ವಾದ್ಯವನ್ನು ನಡುಗಿಸುತ್ತದೆ. ಉಪಕರಣ ಒದಗಿಸಿದವರು ಎಡ್ಮಂಡ್ ಡೀವನ್ ಎಂಬ ಭೌತವಿಜ್ಞಾನಿ. ಕೃತಿಯ ಸೊಗಸಿರುವುದು ಇನ್ನೊಂದು ಕಡೆ: ನುಡಿಸಲೇಬೇಕೆಂದು ಮನಸ್ಸು ಹಟ ಹಿಡಿದರೆ ಅಲೆ ಅಡಗಿಬಿಡುತ್ತದೆ. ಸುಮ್ಮನಿರುವುದೇ ಇಲ್ಲಿನ ವಿದ್ವತ್ತು.

ಸಂಗೀತ, ವಿಜ್ಞಾನ, ರಂಗಪ್ರದರ್ಶನ ಮೂರನ್ನೂ ಒಂದೇ ಹಗ್ಗವಾಗಿ ಹೊಸೆಯಲು ಹೊರಟ ಪಂಥವೊಂದಕ್ಕೆ ಆ ಸಂಜೆ ದೊಡ್ಡ ಗುರುತು. ಮರುವರ್ಷ ಲೂಸಿಯರ್, ರಾಬರ್ಟ್ ಆಶ್ಲಿ, ಡೇವಿಡ್ ಬೆಹ್ರ್‌ಮನ್, ಗಾರ್ಡನ್ ಮುಮ್ಮಾ ಸೇರಿ ‘ಸೋನಿಕ್ ಆರ್ಟ್ಸ್ ಯೂನಿಯನ್’ ಕಟ್ಟಿಕೊಂಡರು. ಈ ಪಂಥದ ಬಗ್ಗೆ ಬರೆಯುವವರು ಬಹುಮಟ್ಟಿಗೆ ಬೆರಗಿನಲ್ಲೇ ನಿಂತುಬಿಡುತ್ತಾರೆ. ನನ್ನ ಅಳತೆಗೋಲು ಬೇರೆ: ಪಕ್ಕದ ಗೋಡೆಗೆ ಅಂಟಿಸಿದ ವಿವರಣೆಯ ಚೀಟಿ ಕಿತ್ತರೆ ಕಿವಿಗೆ ಏನುಳಿಯುತ್ತದೆ?

ಮಿದುಳಿನ ಕೃತಿ ಈ ಪರೀಕ್ಷೆಯಲ್ಲಿ ಅರ್ಧವಷ್ಟೇ ಪಾಸು. ಅಲೆ ನಿಜಕ್ಕೂ ತಲೆಯಿಂದಲೇ ಬಂತೆಂದು ಸಭಿಕರು ನಂಬಬೇಕು, ಪರೀಕ್ಷಿಸುವ ದಾರಿಯಿಲ್ಲ. ಯಾವ ಸ್ಪೀಕರ್‌ಗೆ ಎಷ್ಟು ಸದ್ದು ಹೋಗಬೇಕೆಂದು ತೀರ್ಮಾನಿಸಲು ಸಹಾಯಕರ ಕೈಗೂ ಎಡೆಯಿದೆ. ‘ಮಿದುಳೇ ನುಡಿಸಿತು’ ಎಂಬುದು ಅರ್ಧ ಸತ್ಯ.

ಲೂಸಿಯರ್ 1969ರಲ್ಲಿ ರಚಿಸಿದ ‘ಐ ಆ್ಯಮ್ ಸಿಟಿಂಗ್ ಇನ್ ಎ ರೂಮ್’ ಪೂರ್ತಿ ಪಾಸು. ಕೋಣೆಯಲ್ಲಿ ಕೂತು ಕೆಲವು ವಾಕ್ಯ ಓದಿ ಟೇಪಿಗೆ ಹಿಡಿಯುವುದು, ಅದನ್ನು ಅದೇ ಕೋಣೆಯಲ್ಲಿ ನುಡಿಸಿ ಮತ್ತೆ ಹಿಡಿಯುವುದು, ಮತ್ತೆ, ಮತ್ತೆ. ಪ್ರತಿ ಸುತ್ತಿಗೂ ಕೋಣೆ ತನಗೊಗ್ಗುವ ಕಂಪನಾಂಕಗಳನ್ನು ಪೋಷಿಸಿ ಉಳಿದವನ್ನು ನುಂಗುತ್ತದೆ. ವ್ಯಂಜನಗಳು ಮೊದಲು ಸವೆಯುತ್ತವೆ, ಆಮೇಲೆ ಸ್ವರಗಳು; ಕೊನೆಗೆ ಮಾತಿನ ಲಯವನ್ನಷ್ಟೇ ಹೊತ್ತ ಗುಂಯ್‌ಗುಡುವ ನಾದ. 1980ರ ಧ್ವನಿಮುದ್ರಣದಲ್ಲಿ ಇಂಥ 32 ಸುತ್ತುಗಳಿವೆ. ಏನು ನಡೆಯಲಿದೆಯೆಂದು ಓದುವ ವಾಕ್ಯಗಳೇ ಮೊದಲು ಹೇಳಿಬಿಡುತ್ತವೆ. ಚೀಟಿಯೇ ಇಲ್ಲಿ ಸಂಗೀತದ ಕಚ್ಚಾ ಸಾಮಗ್ರಿ, ಅದು ನಮ್ಮ ಕಿವಿಯೆದುರೇ ಕರಗುತ್ತದೆ. ಇನ್ನೊಂದು ಸಂಗತಿ: ಲೂಸಿಯರ್‌ಗೆ ಉಗ್ಗು ಇತ್ತು. ಮೊದಲ ಸುತ್ತಿನಲ್ಲಿ ತಡವರಿಸುವ ಆ ನಾಲಗೆ, ಕಡೆಯ ಸುತ್ತಿನ ಹೊತ್ತಿಗೆ ಕೋಣೆಯ ನಾದದಲ್ಲಿ ನುಣ್ಣಗಾಗುತ್ತದೆ. ಧ್ವನಿವಿಜ್ಞಾನದ ಪಾಠವೊಂದು ಒಬ್ಬ ಮನುಷ್ಯನ ಕಥೆಯಾಗುವುದು ಇಲ್ಲಿ.

ಇದೇ ಪಂಥದ ಎಡವಟ್ಟುಗಳೂ ಕಡಿಮೆಯಿಲ್ಲ. 1966ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಸೇನಾ ಕಟ್ಟಡವೊಂದರಲ್ಲಿ ‘9 ಈವ್ನಿಂಗ್ಸ್’ ಎಂಬ ಪ್ರದರ್ಶನ ಸರಣಿ ನಡೆಯಿತು. ಹತ್ತು ಕಲಾವಿದರು, ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಬಿಲ್ಲಿ ಕ್ಲೂವರ್ ಜೊತೆ ಸುಮಾರು ಮೂವತ್ತು ಎಂಜಿನಿಯರರು. ಸಂಗೀತ ರಚನಕಾರ ಜಾನ್ ಕೇಜ್ ಹತ್ತು ಟೆಲಿಫೋನ್ ಲೈನು ಎಳೆಸಿ ಊರಿನ ಸದ್ದನ್ನೇ ಸಭೆಗೆ ತಂದರು. ಆದರೆ ಕೈಕೊಟ್ಟ ಯಂತ್ರಗಳು, ಉದ್ದಕ್ಕೆ ಎಳೆದ ಕಾಯುವಿಕೆಯ ಬಗ್ಗೆ ಪತ್ರಿಕೆಗಳು ಕಟುವಾಗಿಯೇ ಬರೆದವು. ಮದುವೆಗಿಂತ ಚಪ್ಪರವೇ ದೊಡ್ಡದಾದರೆ ಹೀಗೇ.

ಚಪ್ಪರ ಈಗಲೂ ಬೆಳೆಯುತ್ತಿದೆ. 2025ರಲ್ಲಿ ಪರ್ತ್‌ನ ಪಶ್ಚಿಮ ಆಸ್ಟ್ರೇಲಿಯಾ ಕಲಾ ಗ್ಯಾಲರಿಯಲ್ಲಿ ‘ರಿವಿವಿಫಿಕೇಶನ್’ ಎಂಬ ಪ್ರದರ್ಶನ ತೆರೆಯಿತು. 2021ರಲ್ಲಿ ತೀರಿಕೊಂಡ ಲೂಸಿಯರ್ ಬದುಕಿದ್ದಾಗಲೇ ಒಪ್ಪಿ ಕೊಟ್ಟಿದ್ದ ರಕ್ತದ ಕಣಗಳಿಂದ ಮಿದುಳ ಅಂಗಾಂಶ ಬೆಳೆಸಿ, ಅದರ ವಿದ್ಯುತ್ ಮಿಡಿತದಿಂದ ಇಪ್ಪತ್ತು ಹಿತ್ತಾಳೆ ಫಲಕಗಳನ್ನು ಬಾರಿಸಲಾಯಿತು. ಪ್ರಯೋಗಾಲಯದ ಸಾಧನೆ ದೊಡ್ಡದೇ. ಆದರೆ ಆ ಬಡಿತಕ್ಕೂ ಗಾಳಿಗೆ ಆಡುವ ಗಂಟೆಗೂ ಇರುವ ವ್ಯತ್ಯಾಸವನ್ನು ಹೇಳಬಲ್ಲದ್ದು ಚೀಟಿಯೊಂದೇ. 1965ರಲ್ಲಿ ಕುರ್ಚಿಯ ಮೇಲೆ ಸೋಲುವ ಸಾಧ್ಯತೆಯಿದ್ದ ಮನುಷ್ಯನೊಬ್ಬನಿದ್ದ. ಪರ್ತ್‌ನಲ್ಲಿ ಆ ಕುರ್ಚಿ ಖಾಲಿ.

ಹಾಗಾದರೆ ಸಂಗೀತ, ವಿಜ್ಞಾನ, ರಂಗಪ್ರದರ್ಶನದ ಮೂರೂ ಎಳೆ ಬಿಗಿಯಾಗಿ ಹೊಸೆದ ಕೃತಿ ಯಾವುದು? ನಮಗೆ ಹತ್ತಿರದ್ದೊಂದಿದೆ. ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಲೂಸಿಯರ್‌ಗೆ ಸಹೋದ್ಯೋಗಿಯಾಗಿದ್ದವರು ಜಾನ್ ಹಿಗ್ಗಿನ್ಸ್, ವ್ಯಾಸರಾಯರ ದೇವರನಾಮ ಹಾಡಿ ನಮ್ಮ ಮನೆಗಳಿಗೂ ಬಂದ ಕರ್ನಾಟಕ ಸಂಗೀತದ ಗಾಯಕ ಹಿಗ್ಗಿನ್ಸ್ ಭಾಗವತರ್. 1984ರಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ನೆನಪಿಗೆ ಲೂಸಿಯರ್ ರಚಿಸಿದ್ದು ‘ಇನ್ ಮೆಮೋರಿಯಂ ಜಾನ್ ಹಿಗ್ಗಿನ್ಸ್’: ನಿಧಾನವಾಗಿ ಮೇಲೇರುತ್ತಲೇ ಇರುವ ಒಂದು ವಿದ್ಯುತ್ ಸ್ವರ, ಅದರ ದಾರಿಯಲ್ಲಿ ಕದಲದೆ ನಿಲ್ಲುವ ಕ್ಲಾರಿನೆಟ್. ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಕಂಪಿಸುತ್ತಿದ್ದರೆ ಸೆಕೆಂಡಿಗೆ ಎರಡು ಸಲ ನಾದ ಉಬ್ಬಿ ಇಳಿಯುತ್ತದೆ. ಪಠ್ಯಪುಸ್ತಕ ಇದನ್ನು ವಿಸ್ಪಂದ ಎನ್ನುತ್ತದೆ. ವಿದ್ಯುತ್ ಸ್ವರ ಹತ್ತಿರವಾದಂತೆ ಆ ಏರಿಳಿತ ನಿಧಾನಿಸಿ, ಎರಡೂ ಕೂಡುವ ಗಳಿಗೆಯಲ್ಲಿ ನಿಂತು, ದಾಟಿ ಹೋದಂತೆ ಮತ್ತೆ ವೇಗ ಹಿಡಿಯುತ್ತದೆ. ವಾದಕನ ಉಸಿರು ತುಸು ಅಲುಗಿದರೂ ಗೊತ್ತಾಗಿಬಿಡುತ್ತದೆ.

ಇದನ್ನು ಯಾರೂ ವಿವರಿಸಬೇಕಿಲ್ಲ. ತಂಬೂರಿಯ ನಡುವಿನ ಎರಡು ಸಾರಣೆ ತಂತಿಗಳನ್ನು ಕೂಡಿಸಲು ಕೂತವರಿಗೆ ಈ ಅಲೆಯಾಟ ಗೊತ್ತು; ಅದು ನಿಂತ ಕ್ಷಣವೇ ‘ಸೇರಿತು’ ಎಂದು ಕೈ ಬಿರಡೆ ಬಿಡುತ್ತದೆ. ಲೂಸಿಯರ್ ಆ ಕ್ಷಣಕ್ಕೆ ನಿಲ್ಲಲು ಬಿಡುವುದಿಲ್ಲ. ಸ್ವರ ಸೇರಿದ್ದೇ ತಡ, ದಾಟಿ ಹೋಗುತ್ತದೆ, ಕ್ಲಾರಿನೆಟ್ ಹಿಂದೆ ಉಳಿಯುತ್ತದೆ. ತೀರಿಹೋದ ಗೆಳೆಯನಿಗೆಂದು ಬರೆದ ಕೃತಿಯಲ್ಲಿ ಅದನ್ನು ಕೇಳಿಸಿಕೊಳ್ಳಲು ಚೀಟಿ ಬೇಕೇ?