ಹಿಂಜಾರಿದವರ ಲೆಕ್ಕ ಯಾರ ಕೈಯಲ್ಲಿ?

ದೊಡ್ಡದೊಂದು ಹೃದಯದ ಚಿತ್ರ. ಅದರೊಳಗೆ ನವಿಲು, ಹಂದಿ, ಹಾವು, ಹುಲಿ, ಆಮೆ, ನಡುವೆ ಸೈತಾನ. ನವಿಲು ಗರ್ವ, ಹಂದಿ ಹೊಟ್ಟೆಬಾಕತನ, ಆಮೆ ಸೋಮಾರಿತನ. ಯೋಹಾನ್ನೆಸ್ ಗೋಸ್ನರ್ 1812ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಈ ಚಿತ್ರಪುಸ್ತಕವನ್ನು ಮಿಷನರಿಗಳು ಭಾರತದ ಭಾಷೆಗಳಿಗೂ ತಂದರು. ಪಶ್ಚಾತ್ತಾಪಪಟ್ಟ ಹೃದಯದಿಂದ ಪ್ರಾಣಿಗಳು ಹೊರಬೀಳುತ್ತವೆ. ಆದರೆ ಅವು ಮರಳಿ ನುಗ್ಗುವ ಚಿತ್ರವೂ ಮುಂದಿದೆ. ಗುಡಿಸಿ ಖಾಲಿಯಿಟ್ಟ ಮನೆಗೆ ದೆವ್ವ ತನಗಿಂತ ಕೆಟ್ಟ ಏಳು ದೆವ್ವಗಳನ್ನು ಕರೆತಂದಿತೆಂಬ ಮತ್ತಾಯನ ಸುವಾರ್ತೆಯ ದೃಷ್ಟಾಂತವೇ ಅದಕ್ಕೆ ಆಧಾರ.

ನಂಬಿಕೆಯಿಂದ ಹಿಂಜಾರಿದವನ ಸ್ಥಿತಿ ಮೊದಲಿಗಿಂತ ಕೆಟ್ಟದ್ದು ಎಂಬ ಈ ಎಚ್ಚರಿಕೆ ಬಾಸೆಲ್ ಮಿಷನ್ ಎಂಬ ಪ್ರಾಟೆಸ್ಟೆಂಟ್ ಸಂಸ್ಥೆಯ ಭಕ್ತಿಮಾರ್ಗಕ್ಕೆ ಹತ್ತಿರದ್ದು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗದ ಪಕ್ಕದ ಬೆಟಗೇರಿಯಲ್ಲಿ ನೆಲೆ ಮಾಡಿತು.

ಬೈಬಲ್ಲಿನಲ್ಲಿ ಈ ಬಗ್ಗೆ ಒಂದೇ ದನಿ ಇಲ್ಲ. ಜೀವಜಲದ ಬುಗ್ಗೆ ಬಿಟ್ಟು ನೀರು ನಿಲ್ಲದ ಒಡಕು ತೊಟ್ಟಿ ತೋಡಿಕೊಂಡ ಜನರನ್ನು ಪ್ರವಾದಿ ಯೆರೆಮೀಯ ಗದರುತ್ತಾನೆ. ಇಲ್ಲಿ ಶಿಕ್ಷೆ ಮೇಲಿನಿಂದ ಬಂದು ಬೀಳುವುದಿಲ್ಲ, ಬಾಯಾರಿಕೆಯೇ ಶಿಕ್ಷೆ. ಕೆರೆಯ ನೀರನ್ನೇ ನಂಬಿ ಬಾಳಿದ ಎರೆಸೀಮೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಇಬ್ರಿಯರಿಗೆ ಬರೆದ ಪತ್ರದ ಆರನೇ ಅಧ್ಯಾಯ ಇನ್ನೂ ಕಠಿಣ: ಒಮ್ಮೆ ಸವಿದು ಬಿಟ್ಟುಹೋದವರನ್ನು ತಿರುಗಿಸುವುದು ಅಸಾಧ್ಯವೆನ್ನುತ್ತದೆ. ಲೂಕನ ಸುವಾರ್ತೆಯಲ್ಲಾದರೋ, ಆಸ್ತಿ ಹಾಳುಮಾಡಿಕೊಂಡು ಬಂದ ಮಗನ ಕಡೆಗೆ ತಂದೆ ಓಡಿಬರುತ್ತಾನೆ. ಕ್ಷಮೆಯ ಮಾತು ಮುಗಿಯುವ ಮೊದಲೇ ಅಂಗಿ, ಉಂಗುರ ತರಿಸುತ್ತಾನೆ.

ಈ ಜಗಳ ಹಳೆಯದು. ಕ್ರಿ.ಶ. 250ರ ಹೊತ್ತಿಗೆ ರೋಮ್ ಚಕ್ರವರ್ತಿ ಡೇಸಿಯಸ್‌ನ ಹಿಂಸೆಗೆ ಹೆದರಿ ದೇವತೆಗಳಿಗೆ ಬಲಿಕೊಟ್ಟವರನ್ನು ಮತ್ತೆ ಕ್ರೈಸ್ತ ಸಭೆಗೆ ಸೇರಿಸಬಾರದೆಂದ ರೋಮಿನ ಪಾದ್ರಿ ನೋವೇಷಿಯನ್ ಬೇರೆಯಾದ. ಪ್ರಾಯಶ್ಚಿತ್ತದ ನಂತರ ಸೇರಿಸಬಹುದೆಂದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನನ ಮಾತು ಗೆದ್ದಿತು.

ಕನ್ನಡ ನಾಡಿನಲ್ಲಿ ತೊಡಕು ಬೇರೆ ಬಗೆಯದು. ದೀಕ್ಷಾಸ್ನಾನ ಪಡೆದವರು ಜಾತಿಯ ಜೊತೆಗೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗಾಗಿ ಮಿಷನ್ ಮಗ್ಗ ಹೂಡಿತು. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹಸಿದವರಿಗೆ ಅನ್ನ ಸಿಕ್ಕಿತು, ನಿಜ. ಆದರೆ ಕುಡಿತಕ್ಕೆ, ಹಳೆಯ ಹಬ್ಬಕ್ಕೆ ಮರಳಿದವನನ್ನು ಕರ್ತನ ಭೋಜನವೆಂಬ ಸಂಸ್ಕಾರದಿಂದ ದೂರವಿಡುವ ಕೈಯೇ ಕೂಲಿಯನ್ನೂ ಕೊಡುತ್ತಿತ್ತು. ಹಾಗೆ ತಿರುಗಿ ಬಂದವನು ದೇವರ ಕಡೆಗೆ ಬಂದನೋ, ಮಗ್ಗದ ಕಡೆಗೋ ಎಂದು ಸಭಾಪಾಲಕ ಹೇಗೆ ತಿಳಿಯಬೇಕು? ಲೂಕನ ತಂದೆ ಕೇಳದ ಲೆಕ್ಕವನ್ನು ಈ ವ್ಯವಸ್ಥೆ ಕೇಳಿತು.

ಗದಗದ ಬಳಿಯ ಮಲ್ಲಸಮುದ್ರದಲ್ಲಿ 1840ರ ದಶಕದಲ್ಲಿ ಕ್ರೈಸ್ತರ ಬೇಸಾಯದ ವಸಾಹತು ಕಟ್ಟುವ ಪ್ರಯತ್ನವೂ ನಡೆಯಿತು. ಕಾಲಜ್ಞಾನದ ಭವಿಷ್ಯವಾಣಿ ನಂಬಿದ್ದ ಜನ ಒಟ್ಟಾಗಿ ಬಂದು ನೆಲೆಸುತ್ತಾರೆಂಬ ನಿರೀಕ್ಷೆ ಫಲಿಸಲಿಲ್ಲ. ನಂಬಿಕೆ ಕೈಬಿಟ್ಟವರಿಗಿಂತ, ಬಾರದೇ ಇದ್ದವರೇ ಅಲ್ಲಿ ಹೆಚ್ಚು.

ಬಹಿಷ್ಕಾರ ಮಿಷನ್ನಿನ ಸ್ವತ್ತೇನೂ ಅಲ್ಲ. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರೇ ಸಿಡಿದೆದ್ದಿತು. ದೈವದ್ರೋಹದ ದಂಡವನ್ನು ಮನುಷ್ಯರೇ ವಸೂಲು ಮಾಡುವ ರೂಢಿ ಎರಡೂ ಕಡೆ ಇತ್ತು.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧಿತರಾದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಕೂಲಿಗೂ ಕರ್ತನ ಭೋಜನಕ್ಕೂ ಇದ್ದ ಕೊಂಡಿ ಕಳಚಿತು. ಕೂಲಿ ಕಳೆದುಕೊಳ್ಳುವ ಭಯವೊಂದೇ ಜನರನ್ನು ಹಿಡಿದಿಟ್ಟಿದ್ದರೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಸಭೆಗಳು ಆಗಲೇ ಕರಗಬೇಕಿತ್ತು. ಅವು ಉಳಿದವು, ಮುಂದೆ ದಕ್ಷಿಣ ಭಾರತ ಸಭೆಯ ಭಾಗವಾದವು.